ಮೆಟಾಲಿಕಾ: ಕಪ್ಪು ಹೊದಿಕೆಯ ಆಲ್ಬಮ್



ಇತಿಹಾಸದ ಮೇಷ್ಟ್ರಿಗೆ ಹೆವಿ ಮೆಟಲ್ ಸಂಗೀತದ ಗೊಡವೆಯೇಕೆಂದು ನಿಮ್ಮಲ್ಲಿ ಕೆಲವರು ನಗಬಹುದು. ಆದರೆ ತಂಡವೊಂದು ತನ್ನ ನಾದವನ್ನೇ ಬದಲಿಸಿದಾಗ ಅದು ದ್ರೋಹವೋ ಬೆಳವಣಿಗೆಯೋ ಎಂದು ಏಳುವ ಜಗಳಕ್ಕೂ ಒಂದು ಇತಿಹಾಸವುಂಟು.

ಮೆಟಾಲಿಕಾ 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ತಂಡ. ಶರವೇಗದ ಥ್ರ್ಯಾಶ್ ಶೈಲಿ ಅದರ ಹೆಗ್ಗುರುತು. 1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಬಸ್ಸು ಮಗುಚಿ, ಬಾಸ್ ವಾದಕ ಕ್ಲಿಫ್ ಬರ್ಟನ್ 24ನೆಯ ವಯಸ್ಸಿನಲ್ಲೇ ತೀರಿಕೊಂಡರು. ಅವರ ಸ್ಥಾನಕ್ಕೆ ಜೇಸನ್ ನ್ಯೂಸ್ಟೆಡ್ ಬಂದರು. ಆದರೆ 1988ರ 'ಆ್ಯಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಮ್ಮಿನಲ್ಲಿ ಅವರ ಬಾಸ್ ಕಿವಿಗೊಟ್ಟು ಕೇಳಿದರೂ ಕೇಳಿಸದು! ಗೀತೆಗಳು ಜಟಿಲ, ಶೀರ್ಷಿಕೆ ಗೀತೆಯೇ ಸುಮಾರು 10 ನಿಮಿಷ. ಅದನ್ನು ವೇದಿಕೆಯಲ್ಲಿ ನುಡಿಸುವಾಗ ಸಭಿಕರ ಮುಖದಲ್ಲಿ ಬೇಸರ ಕಂಡೆವೆಂದು ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಮುಂದೆ ನೆನಪಿಸಿಕೊಂಡಿದ್ದಾರೆ. ಬದಲಾವಣೆಯ ಬೀಜ ಅಲ್ಲಿದೆಯೆಂದು ನನ್ನ ಎಣಿಕೆ.

ಮುಂದಿನ ಆಲ್ಬಮ್ಮಿಗೆ ಬಾಬ್ ರಾಕ್ ಎಂಬ ನಿರ್ಮಾಪಕರು ಬಂದರು. ಮಾಟ್ಲಿ ಕ್ರೂ ತಂಡದ 'ಡಾಕ್ಟರ್ ಫೀಲ್‌ಗುಡ್' ಆಲ್ಬಮ್ಮಿಗೆ ಅವರು ತಂದಿದ್ದ ದಟ್ಟವಾದ ಧ್ವನಿ ಮೆಟಾಲಿಕಾದವರನ್ನು ಸೆಳೆದಿತ್ತು. ಬೇರೆಬೇರೆಯಾಗಿ ನುಡಿಸಿ ಜೋಡಿಸುವುದು ತಂಡದ ರೂಢಿ. ಎಲ್ಲರೂ ಕೂಡಿ ನುಡಿಸಬೇಕೆಂಬುದು ರಾಕ್ ಅವರ ಹಟ. ಕಲಹಗಳಿಗೆ ಕೊರತೆಯಿರಲಿಲ್ಲ. ಜೇಮ್ಸ್ ಹೆಟ್‌ಫೀಲ್ಡ್ 'ಎಂಟರ್ ಸ್ಯಾಂಡ್‌ಮನ್' ಗೀತೆಯ ಸಾಹಿತ್ಯವನ್ನು ತಿದ್ದಿ ಬರೆಯಬೇಕಾಯಿತು. ತಮಗಾಗಿಯೇ ಅವರು ರಚಿಸಿಕೊಂಡಿದ್ದ 'ನಥಿಂಗ್ ಎಲ್ಸ್ ಮ್ಯಾಟರ್ಸ್' ಎಂಬ ಮೆಲುದನಿಯ ಗೀತೆಗೆ ಮೈಕೆಲ್ ಕೇಮನ್ ವಾದ್ಯವೃಂದವನ್ನು ಹೊಂದಿಸಿದರು. ಥ್ರ್ಯಾಶ್ ತಂಡದ ಹಾಡಿಗೆ ಪಿಟೀಲುಗಳು!

1991ರ ಆಗಸ್ಟ್ 12ರಂದು ಆಲ್ಬಮ್ ಹೊರಬಂದಿತು. ಕಪ್ಪು ಹೊದಿಕೆಯ ಮೇಲೆ ಮಸುಕಾದ ಒಂದು ಹಾವು. ಗೀತೆಗಳು ಚಿಕ್ಕವು, ಗತಿ ನಿಧಾನ, ಬಾಸ್ ಈಗ ಸ್ಪಷ್ಟ. ಅಮೆರಿಕವೊಂದರಲ್ಲೇ 1.6 ಕೋಟಿಗೂ ಮಿಕ್ಕಿ ಪ್ರತಿಗಳು ಮಾರಾಟವಾದವು. ಹಳೆಯ ಅಭಿಮಾನಿಗಳು ಮಾತ್ರ ತಮ್ಮನ್ನು ಮಾರಿಬಿಟ್ಟರೆಂದು ಕಿಡಿಕಾರಿದರು.

ಹಣದಾಸೆ ಇರಲೇ ಇಲ್ಲವೆಂದು ನಾನು ವಾದಿಸೆನು. ಆದರೆ ಸುಲಭದ ಲಾಭ ಬೇಕಿದ್ದವರು ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಕಾದಾಡಿ, ಮೂರು ಬಾರಿ ಮಿಶ್ರಣ ಮಾಡಿಸುತ್ತಿದ್ದರೇ? ಕಳೆದುಹೋದದ್ದೂ ಉಂಟು. ಹಿಂದಿನ ಆಲ್ಬಮ್ಮುಗಳ ಆ ಬಿಗಿಯಾದ ಹೆಣಿಗೆ ಇಲ್ಲಿ ಸಡಿಲವಾಯಿತು. ಅದಕ್ಕಾಗಿ ಮರುಗಿದವರ ನೋವು ಸುಳ್ಳಲ್ಲ.

2011ರ ಅಕ್ಟೋಬರ್ 30ರಂದು ಇದೇ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಹಳೆಯ ಗೀತೆಗಳ ಜೊತೆಗೆ 'ಎಂಟರ್ ಸ್ಯಾಂಡ್‌ಮನ್' ಸಹ ಇತ್ತು. ನಿಮ್ಮಲ್ಲಿ ಅಂದು ಅಲ್ಲಿದ್ದವರು, ಯಾವುದಕ್ಕೆ ಹೆಚ್ಚು ಕೂಗಿದಿರೆಂದು ಈ ಮೇಷ್ಟ್ರಿಗೆ ಬರೆದು ತಿಳಿಸಿರಿ.