ಅನ್ನನಾಳದ ಕ್ಯಾನ್ಸರ್: ರಕ್ತಸೂಚಕಗಳು

ಅನ್ನನಾಳದ ಕ್ಯಾನ್ಸರ್ ಆರಂಭಾವಸ್ಥೆಯಲ್ಲಿ ನೋವನ್ನಾಗಲಿ ನುಂಗುವ ತೊಡಕನ್ನಾಗಲಿ ಪ್ರಾಯಶಃ ತೋರದೆ, ನಾಳವು ಬಹುಮಟ್ಟಿಗೆ ಸಂಕುಚಿತವಾದ ಮೇಲೆಯೇ ಪ್ರಕಟವಾಗುವ ವ್ಯಾಧಿಯಾದುದರಿಂದ, ರಕ್ತದಲ್ಲಿಯೇ ಅದರ ಸುಳಿವನ್ನು ಹಿಡಿಯುವ ಉಪಾಯವನ್ನು ವೈದ್ಯವಿಜ್ಞಾನಿಗಳು ದಶಕಗಳಿಂದ ಅರಸುತ್ತ ಬಂದಿದ್ದಾರೆ. ಅರ್ಬುದದ ಜೀವಕೋಶಗಳು ಸ್ರವಿಸುವ ಅಥವಾ ನಶಿಸುವಾಗ ಚೆಲ್ಲುವ, ಇಲ್ಲವೆ ಅವುಗಳಿಗೆ ಪ್ರತಿಯಾಗಿ ದೇಹವೇ ಉತ್ಪಾದಿಸುವ ವಸ್ತುಗಳು ರಕ್ತಸೂಚಕಗಳೆನಿಸುತ್ತವೆ.

ಇವುಗಳಲ್ಲಿ ಹಳೆಯದು ಸಿ.ಇ.ಎ. ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ 1965ರಲ್ಲಿ ಮಾಂಟ್ರಿಯಲಿನಿಂದ ಪ್ರಕಟಪಡಿಸಿದ ಈ ಪ್ರೋಟೀನು, ಮೂಲತಃ ದೊಡ್ಡಕರುಳಿನ ಅರ್ಬುದದಲ್ಲಿ ಗೋಚರಿಸಿದುದಾದರೂ, ಅನ್ನನಾಳದ ಕೆಳಭಾಗದಲ್ಲಿ ತಲೆದೋರುವ ಗ್ರಂಥಿಜನ್ಯ ಅರ್ಬುದದಲ್ಲಿಯೂ ಏರಬಲ್ಲುದು. ಧೂಮಪಾನಿಗಳಲ್ಲಿಯಾದರೋ ರೋಗವಿಲ್ಲದೆಯೂ ಏರುವುದುಂಟು. ಭಾರತದಲ್ಲಿ ಅಧಿಕವಾಗಿ ಕಂಡುಬರುವ ಶಲ್ಕಕೋಶ ಪ್ರಭೇದಕ್ಕೆ, 1977ರಲ್ಲಿ ಜಪಾನಿನ ಸಂಶೋಧಕರು ಗರ್ಭಕೊರಳಿನ ಅರ್ಬುದದಿಂದ ಬೇರ್ಪಡಿಸಿದ ಎಸ್.ಸಿ.ಸಿ. ಪ್ರತಿಜನಕವೂ, ಸೈಟೋಕೆರಾಟಿನ್ 19ರ ತುಣುಕಾದ ಸೈಫ್ರಾ 21-1 ಎಂಬುದೂ ಹೆಚ್ಚು ಸಮೀಪವಾದುವು. ಆದರೆ ಸೋರಿಯಾಸಿಸ್‌ನಂತಹ ಚರ್ಮರೋಗವೂ ಮೂತ್ರಪಿಂಡಗಳ ವೈಫಲ್ಯವೂ ಎಸ್.ಸಿ.ಸಿ.ಯನ್ನು ಏರಿಸುತ್ತವೆ, ಮಾದರಿಗೆ ತಗಲಿದ ಎಂಜಲು ಕೂಡ ಫಲಿತಾಂಶವನ್ನು ಕೆಡಿಸೀತು. ಪಿ53 ಪ್ರೋಟೀನಿಗೆ ವಿರುದ್ಧವಾಗಿ ಹುಟ್ಟುವ ಪ್ರತಿಕಾಯವು ಆರಂಭದಲ್ಲಿಯೇ ಕಾಣಿಸಿಕೊಳ್ಳಬಹುದೆಂಬುದು ಅದರ ವೈಶಿಷ್ಟ್ಯ. ಬಹುಸಂಖ್ಯೆಯ ರೋಗಿಗಳಲ್ಲಿ ಅದು ದೊರೆಯದೆಂಬುದು ಅದರ ಕೊರತೆ.

ಲಕ್ಷ ಜನರಲ್ಲಿ ಐವತ್ತು ಮಂದಿಗೆ ಈ ರೋಗವಿದೆಯೆಂದೂ, ಪರೀಕ್ಷೆಯೊಂದು ನೂರು ರೋಗಿಗಳಲ್ಲಿ 80 ಮಂದಿಯನ್ನು ಹಿಡಿದು, ನೂರು ನಿರೋಗಿಗಳಲ್ಲಿ ಐವರನ್ನು ಮಾತ್ರ ತಪ್ಪಾಗಿ ಶಂಕಿಸುವುದೆಂದೂ ಭಾವಿಸೋಣ. ಆಗ 40 ಮಂದಿ ರೋಗಿಗಳು ಪತ್ತೆಯಾಗಿ ಹತ್ತು ಮಂದಿ ತಪ್ಪಿಹೋಗುವರು. ರೋಗವಿಲ್ಲದ ಸುಮಾರು 5,000 ಮಂದಿ ವೃಥಾ ಭಯಕ್ಕೆ ಗುರಿಯಾಗುವರು. ಮೇಲೆ ಹೇಳಿದ ಸೂಚಕಗಳು, ಅದರಲ್ಲಿಯೂ ಆರಂಭದ ಹಂತದಲ್ಲಿ, ಈ ಕಾಲ್ಪನಿಕ ಪರೀಕ್ಷೆಯಷ್ಟು ಸಮರ್ಥವೂ ಅಲ್ಲ. ಆದುದರಿಂದ ಅವುಗಳ ನಿಜವಾದ ಉಪಯೋಗವಿರುವುದು, ರೋಗವು ನಿಶ್ಚಿತವಾದವರಲ್ಲಿ ಶಸ್ತ್ರಚಿಕಿತ್ಸೆಯ ಅನಂತರ ಅದು ಮರುಕಳಿಸುತ್ತಿದೆಯೇ ಎಂದು ಅನುಸರಿಸಿ ನೋಡುವುದರಲ್ಲಿ.

ರಕ್ತದಲ್ಲಿ ಸಂಚರಿಸುವ ಅರ್ಬುದದ ಡಿ.ಎನ್.ಎ. ತುಣುಕುಗಳನ್ನೂ ಮೈಕ್ರೋ ಆರ್.ಎನ್.ಎ.ಗಳನ್ನೂ ಕುರಿತ ಸಂಶೋಧನೆ ಆಶಾದಾಯಕವಾಗಿ ನಡೆದಿದೆ. ಆದರೂ ರೋಗನಿರ್ಣಯವು ಎಂಡೋಸ್ಕೋಪಿಯನ್ನೂ, ಅದರ ಮೂಲಕ ತೆಗೆದ ಅಂಗಾಂಶದ ಬಯಾಪ್ಸಿಯನ್ನೂ ಅವಲಂಬಿಸಿದೆ. ನುಂಗುವಾಗ ಅನ್ನ ತಡೆದಂತಾಗುವವರು, ವಿಶೇಷತಃ ತಂಬಾಕು, ಎಲೆಯಡಿಕೆ, ಮದ್ಯಗಳ ಅಭ್ಯಾಸವುಳ್ಳವರು, ರಕ್ತಪರೀಕ್ಷೆಯ ಫಲ ಸರಿಯಾಗಿಯೇ ಬಂದಿದ್ದರೂ ಎಂಡೋಸ್ಕೋಪಿಯನ್ನು ಮುಂದೂಡಬಾರದು.