ಜಂತೆ ಎಣಿಸಿದವನಿಗೆ ಬಾಗಿಲು ತೆರೆದವರು

ಉಂಡ ಮನೆಯ ಜಂತೆ ಎಣಿಸುವವರನ್ನು ನಮ್ಮ ಹಿರಿಯರು ಮೆಚ್ಚಲಿಲ್ಲ. ಆದರೆ ಆ ಜಂತೆಗೆ ಗೆದ್ದಲು ಹಿಡಿದದ್ದು ಕಣ್ಣಿಗೆ ಬಿದ್ದರೆ ಸುಮ್ಮನಿರಬೇಕೆ? ಅಮೆರಿಕದ ಗೂಢಚಾರ ಇಲಾಖೆಗೆ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ 29ರ ತರುಣ ಎಡ್ವರ್ಡ್ ಸ್ನೋಡೆನ್‌ಗೆ ಎದುರಾದದ್ದು ಇದೇ ಪ್ರಶ್ನೆ. ಕೋಟ್ಯಂತರ ಪ್ರಜೆಗಳು ಯಾರಿಗೆ, ಎಷ್ಟು ಹೊತ್ತು ಫೋನ್ ಮಾಡಿದರೆಂಬ ವಿವರವನ್ನು ಸರ್ಕಾರ ಗುಟ್ಟಾಗಿ ಕೂಡಿಡುತ್ತಿತ್ತು. ಅದರ ದಾಖಲೆಗಳನ್ನು ಹೊತ್ತು ಆತ 2013ರ ಮೇ 20ರಂದು ಹಾಂಗ್‌ಕಾಂಗ್‌ನಲ್ಲಿ ಇಳಿದ. ಜೂನ್ 5ರಂದು ಸುದ್ದಿ ಪತ್ರಿಕೆಯಲ್ಲಿ ಬಂತು. 9ರಂದು ತನ್ನ ಹೆಸರನ್ನು ತಾನೇ ಹೇಳಿಕೊಂಡ.

ಹಾಂಗ್‌ಕಾಂಗೇ ಏಕೆ ಎಂದು ಅನೇಕರು ಕೇಳಿದರು. ಅಲ್ಲಿನ ಜನ ವಾಕ್‌ಸ್ವಾತಂತ್ರ್ಯಕ್ಕೆ ಬೆಲೆ ಕೊಡುವವರೆಂದು ಆತ ನಂಬಿದ್ದ. ಆದರೆ ಆರೋಪಿಗಳನ್ನು ಪರಸ್ಪರ ಒಪ್ಪಿಸುವ ಒಪ್ಪಂದ ಅಮೆರಿಕಕ್ಕೂ ಹಾಂಗ್‌ಕಾಂಗ್‌ಗೂ 1998ರಿಂದ ಜಾರಿಯಲ್ಲಿತ್ತು. ರಾಜಕೀಯ ಅಪರಾಧವಾದರೆ ಒಪ್ಪಿಸಬೇಕಿಲ್ಲವೆಂಬ ಕಿಂಡಿಯೊಂದು ಅದರಲ್ಲಿತ್ತು, ನಿಜ. ಅದು ಕೋರ್ಟಿನಲ್ಲಿ ತೀರ್ಮಾನವಾಗುವ ತನಕ ಜೈಲಿನಲ್ಲಿ ಕೊಳೆಯಬೇಕಾದೀತೆಂಬ ಭಯವೂ ಇತ್ತು. ಒಪ್ಪಿಸಿಬಿಟ್ಟರೆ ಕಾದಿದ್ದದ್ದು 1917ರ ಬೇಹುಗಾರಿಕೆ ಕಾಯಿದೆ. ಜನರ ಹಿತಕ್ಕಾಗಿ ಹೇಳಿದೆ ಎಂಬ ವಾದಕ್ಕೆ ಅದರಲ್ಲಿ ಜಾಗವಿಲ್ಲ.

ಆತ ಹೋಟೆಲು ಬಿಟ್ಟು ತಲೆಮರೆಸಿಕೊಂಡ. ಆ ಸುಮಾರು ಎರಡು ವಾರ ಯಾರ ಮನೆಯಲ್ಲಿದ್ದ ಎಂಬುದು ಹೊರಬಿದ್ದದ್ದು 2016ರಲ್ಲಿ. ಫಿಲಿಪ್ಪೀನ್ಸ್‌ನಿಂದ, ಶ್ರೀಲಂಕಾದಿಂದ ಜೀವಭಯದಿಂದ ಓಡಿಬಂದು, ತಾವೇ ಆಶ್ರಯಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ ಬಡವರ ಇಕ್ಕಟ್ಟಿನ ಮನೆಗಳಲ್ಲಿ! ಅವನ ವಕೀಲರೇ ಅವರಿಗೂ ವಕೀಲರು. ದುಡಿದು ತಿನ್ನಲೂ ಅನುಮತಿಯಿಲ್ಲದ ಜನ ಅವರು. ಅವರಲ್ಲೊಬ್ಬಳು ಪುಟ್ಟ ಮಗಳ ತಾಯಿ. ಬಂದವನು ಯಾರೆಂದು ಅವಳಿಗೆ ತಿಳಿದದ್ದು ಪತ್ರಿಕೆಯಲ್ಲಿ ಅವನ ಚಿತ್ರ ನೋಡಿದಾಗ. ಗಾಬರಿಯಾದಳು, ಹೊರಗೆ ಮಾತ್ರ ಹಾಕಲಿಲ್ಲ.

ಜೂನ್ 23ರಂದು ಆತ ಮಾಸ್ಕೋಗೆ ಹಾರಿದ. ಅಷ್ಟರಲ್ಲಿ ಅಮೆರಿಕ ಅವನ ಪಾಸ್‌ಪೋರ್ಟ್ ರದ್ದು ಮಾಡಿತ್ತು. ಐದು ವಾರಕ್ಕೂ ಹೆಚ್ಚು ಕಾಲ ವಿಮಾನ ನಿಲ್ದಾಣದಲ್ಲೇ ವಾಸ. ಇಪ್ಪತ್ತಕ್ಕೂ ಹೆಚ್ಚು ದೇಶಗಳಿಗೆ ಅರ್ಜಿ ಹೋಯಿತು; ನಮ್ಮ ಭಾರತವೂ ಒಲ್ಲೆನೆಂದಿತು. ಅವನಿರಬಹುದೆಂಬ ಗುಮಾನಿಯಿಂದ ಬೊಲಿವಿಯಾದ ಅಧ್ಯಕ್ಷರ ವಿಮಾನವೇ ವಿಯೆನ್ನಾದಲ್ಲಿ ಇಳಿಯಬೇಕಾಯಿತು. ಕೊನೆಗೆ ಆಗಸ್ಟ್ 1ರಂದು ರಷ್ಯಾ ಆಶ್ರಯ ಕೊಟ್ಟಿತು. ಅದಕ್ಕೂ ಅಮೆರಿಕಕ್ಕೂ ಅಂಥ ಒಪ್ಪಂದವಿರಲಿಲ್ಲ. 2022ರಲ್ಲಿ ಪೌರತ್ವವೂ ಸಿಕ್ಕಿತು. ಸ್ವಾತಂತ್ರ್ಯಕ್ಕಾಗಿ ದನಿಯೆತ್ತಿದವನು, ಟೀಕಿಸಿದವರನ್ನು ಜೈಲಿಗೆ ತಳ್ಳುವ ಸರ್ಕಾರದ ನೆರಳಿನಲ್ಲಿ ಬಾಳಬೇಕಾಯಿತು. ಗೆದ್ದಲು ಹಿಡಿದದ್ದು ಸುಳ್ಳೇನಲ್ಲ. 2020ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೇ ಆ ಫೋನ್ ಲೆಕ್ಕ ಕಾನೂನಿಗೆ ವಿರುದ್ಧವಾಗಿತ್ತೆಂದು ಹೇಳಿತು. ಅವನ ಮೇಲಿನ ಆರೋಪಗಳು ಅದರಿಂದ ಅಳಿಯಲಿಲ್ಲ.

ಅವನಿಗೆ ಆಶ್ರಯವಿತ್ತವರ ಅರ್ಜಿಗಳನ್ನು ಹಾಂಗ್‌ಕಾಂಗ್ 2017ರಲ್ಲಿ ತಿರಸ್ಕರಿಸಿತು. ಆ ತಾಯಿಮಗಳಿಗೆ 2019ರಲ್ಲಿ, ಶ್ರೀಲಂಕಾದ ದಂಪತಿಗೂ ಅವರ ಮಕ್ಕಳಿಗೂ 2021ರಲ್ಲಿ ಕೆನಡಾ ನೆಲೆ ಕೊಟ್ಟಿತು. ದೇಶಗಳೆಲ್ಲ ಲಾಭನಷ್ಟ ತೂಗಿ ಬಾಗಿಲು ತೆರೆದವು, ಇಲ್ಲವೆ ಮುಚ್ಚಿದವು. ಆ ತಾಯಿ ತೂಗಿ ನೋಡಿದ್ದರೆ ಬರೀ ನಷ್ಟವೇ ಕಾಣುತ್ತಿತ್ತು. ದಿಕ್ಕಿಲ್ಲದವರ ಕಷ್ಟ ಏನೆಂಬುದು ಅವಳಿಗೆ ಗೊತ್ತಿತ್ತು. ಅವಳಿಗೆ ಅಷ್ಟೇ ಸಾಕಾಯಿತು.