ದಾದಿಯರು ಕಾಯ್ದುಕೊಂಡು ಬಂದ ಗುಟ್ಟು

ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ದೀಪ ಬೆಳಗುವ ಸಮಾರಂಭವನ್ನು ನೋಡಿದವರಿಗೆ ಆ ದೃಶ್ಯ ನೆನಪಿರಬಹುದು. ಹೊಸದಾಗಿ ಸೇರಿದ ವಿದ್ಯಾರ್ಥಿನಿಯರು ಕೈಯಲ್ಲಿ ದೀಪ ಹಿಡಿದು ಸಾಲಾಗಿ ನಿಂತು ಒಂದೇ ದನಿಯಲ್ಲಿ 'ನೈಟಿಂಗೇಲ್ ಪ್ರತಿಜ್ಞೆ' ಹೇಳುತ್ತಾರೆ. ಅದನ್ನು ಫ್ಲಾರೆನ್ಸ್ ನೈಟಿಂಗೇಲ್ ಬರೆದರೆಂದೇ ಅನೇಕರ ನಂಬಿಕೆ. ಆದರೆ ಆಕೆ ಅದನ್ನು ಬರೆದವಳಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಫ್ಯಾರಂಡ್ ತರಬೇತಿ ಶಾಲೆಯಲ್ಲಿ ಲಿಸ್ಟ್ರಾ ಗ್ರೆಟರ್ ಎಂಬುವರ ನೇತೃತ್ವದ ಸಮಿತಿ ಅದನ್ನು ರಚಿಸಿ, ಗೌರವಾರ್ಥವಾಗಿ ನೈಟಿಂಗೇಲರ ಹೆಸರಿಟ್ಟಿತು.

ಆ ಪ್ರತಿಜ್ಞೆಯಲ್ಲಿ ಎರಡು ಮಾತುಗಳಿವೆ. ಕೆಲಸದ ವೇಳೆ ತಿಳಿದುಬಂದ ರೋಗಿಯ ಮತ್ತು ಅವನ ಮನೆಯ ವಿಷಯಗಳನ್ನು ಗುಟ್ಟಾಗಿ ಇಡುತ್ತೇನೆ ಎಂಬುದು ಒಂದು. ವೈದ್ಯರಿಗೆ ನಿಷ್ಠೆಯಿಂದ ನೆರವಾಗುತ್ತೇನೆ ಎಂಬುದು ಇನ್ನೊಂದು. ಗುಟ್ಟು ಕಾಯುವುದರಿಂದ ಬೇರೊಬ್ಬರ ಜೀವಕ್ಕೆ ಅಪಾಯ ಬಂದರೆ ಏನು ಮಾಡಬೇಕು, ವೈದ್ಯರೇ ಗುಟ್ಟು ಬಿಟ್ಟುಕೊಟ್ಟರೆ ದಾದಿ ಯಾರ ಪಕ್ಷ ವಹಿಸಬೇಕು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಆ ಉತ್ತರ ಹುಡುಕಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ನೈಟಿಂಗೇಲ್ ಸ್ವತಃ 1859ರ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ ಈ ವಿಷಯ ಎತ್ತಿದ್ದರು. ದಾದಿ ಹರಟೆಮಲ್ಲಿಯಾಗಬಾರದು, ರೋಗಿಯ ಬಗ್ಗೆ ಕೇಳುವ ಹಕ್ಕು ಯಾರಿಗಿದೆಯೋ ಅವರಿಗೆ ಮಾತ್ರ ಉತ್ತರಿಸಬೇಕು ಎಂಬುದು ಅವರ ನಿಲುವು. ಗಮನಿಸಿ, ಇಲ್ಲಿ ಗುಟ್ಟು ಕಾಯುವುದು ದಾದಿಯ ಒಳ್ಳೆಯ ನಡತೆಯ ಲಕ್ಷಣ. ಅದು ರೋಗಿಯ ಹಕ್ಕು ಎಂಬ ಮಾತು ಇನ್ನೂ ಹುಟ್ಟಿರಲಿಲ್ಲ.

1899ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ದಾದಿಯರ ಮಂಡಳಿ ತನ್ನ ಮೊದಲ ನೀತಿಸಂಹಿತೆಯನ್ನು ಒಪ್ಪಿಕೊಂಡದ್ದು 1953ರಲ್ಲಿ, ಬ್ರೆಜಿಲಿನ ಸಾವೊ ಪಾಲೊದಲ್ಲಿ. ಗುಟ್ಟಿನ ನಿಯಮ ಅದರಲ್ಲಿ ಸೇರಿತು. ವೈದ್ಯರ ಆದೇಶವನ್ನು ಬುದ್ಧಿಯಿಂದಲೂ ನಿಷ್ಠೆಯಿಂದಲೂ ಪಾಲಿಸಬೇಕೆಂಬ ಮಾತೂ ಉಳಿಯಿತು. 1973ರ ಪರಿಷ್ಕರಣೆಯಲ್ಲಿ ದಿಕ್ಕು ಬದಲಾಯಿತು. ದಾದಿಯ ಮೊದಲ ಹೊಣೆ ಶುಶ್ರೂಷೆ ಬೇಕಾದ ಜನರಿಗೆ ಎಂದು ಅದು ಸ್ಪಷ್ಟವಾಗಿ ಸಾರಿತು. ಕಾಗದದ ಮೇಲೆ ಇದು ಒಂದು ವಾಕ್ಯವಷ್ಟೇ, ಆದರೆ ದಾದಿ ಯಾರಿಗೆ ಉತ್ತರ ಹೇಳಬೇಕು ಎಂಬುದನ್ನೇ ಅದು ಬದಲಿಸಿತು ಎಂದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ಈ ಪ್ರಶ್ನೆ ನಿಜವಾಗಿ ಸುಡತೊಡಗಿದ್ದು ಎಚ್‌ಐವಿ ಬಂದ ಮೇಲೆ. 1986ರಲ್ಲಿ ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರ ಪ್ರಯತ್ನದಿಂದ ಭಾರತದ ಮೊದಲ ಪ್ರಕರಣಗಳು ಪತ್ತೆಯಾದವು. ಸಕ್ಕರೆ ಕಾಯಿಲೆಯ ವಿಷಯ ಹೊರಬಿದ್ದರೆ ನೆರೆಯವರು ಮದ್ದು ಹೇಳಿಕೊಡಲು ಬರುತ್ತಾರೆ. ಈ ಕಾಯಿಲೆಯ ವಿಷಯ ಹೊರಬಿದ್ದರೆ ಮನೆ, ಉದ್ಯೋಗ, ಸಂಬಂಧ ಎಲ್ಲವೂ ಹೋಗುತ್ತಿತ್ತು.

1995ರಲ್ಲಿ ನಾಗಾಲ್ಯಾಂಡಿನ ಸರ್ಕಾರಿ ವೈದ್ಯರೊಬ್ಬರ ಪಾಲಿಗೆ ಆದದ್ದು ಅದೇ. ರೋಗಿಯೊಬ್ಬರ ಜೊತೆ ಮದ್ರಾಸಿಗೆ ಹೋದ ಅವರು ಅಲ್ಲಿ ರಕ್ತ ಕೊಟ್ಟಿದ್ದರು. ಪರೀಕ್ಷೆಯಲ್ಲಿ ಎಚ್‌ಐವಿ ಇರುವುದು ಗೊತ್ತಾಯಿತು. ಆ ವಿಷಯ ಆಸ್ಪತ್ರೆಯಿಂದ ಹೊರಗೆ ಹೋಯಿತು. ಡಿಸೆಂಬರಿಗೆ ನಿಶ್ಚಯವಾಗಿದ್ದ ಮದುವೆ ಮುರಿಯಿತು. ಸಮಾಜ ದೂರವಿಟ್ಟಿದ್ದರಿಂದ ಅವರು ಊರನ್ನೇ ಬಿಡಬೇಕಾಯಿತು. ಪರಿಹಾರ ಕೋರಿ ಅವರು ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಲ್ಲಿನ ದಾಖಲೆಯಲ್ಲಿ ಅವರು 'ಮಿಸ್ಟರ್ ಎಕ್ಸ್', ಆಸ್ಪತ್ರೆ 'ಝಡ್'. ಹೊರಗೆ ಹೋಗಿ ಆಗಿದ್ದ ಗುಟ್ಟನ್ನು ನ್ಯಾಯಾಲಯವಾದರೂ ಹೆಸರಿನ ಮಟ್ಟಿಗೆ ಕಾಪಾಡಿತು!

1998ರ ಸೆಪ್ಟೆಂಬರ್ 21ರ ತೀರ್ಪು ಅವರ ವಿರುದ್ಧ ಬಂತು. ಗುಟ್ಟು ಕಾಯುವ ಹೊಣೆ ಇದೆ, ಆದರೆ ಅದಕ್ಕೆ ಮಿತಿ ಇದೆ. ಮದುವೆಯಾಗಲಿದ್ದ ಹೆಣ್ಣಿಗೂ ಆರೋಗ್ಯವಾಗಿ ಬದುಕುವ ಹಕ್ಕಿದೆ ಎಂದಿತು ಕೋರ್ಟು. ಅಷ್ಟಕ್ಕೆ ನಿಲ್ಲದೆ, ಇಂಥವರ ಮದುವೆಯ ಹಕ್ಕೇ ಅಮಾನತಿನಲ್ಲಿದೆ ಎಂದೂ ಹೇಳಿಬಿಟ್ಟಿತು. ಆ ಎರಡನೆಯ ಮಾತು ಅನಗತ್ಯವಾಗಿತ್ತೆಂದು 2002ರ ಡಿಸೆಂಬರಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಸರಿಪಡಿಸಿತು. ಮೊದಲನೆಯದು ಉಳಿಯಿತು.

ಆ ಹೆಣ್ಣಿನ ಸ್ಥಾನದಲ್ಲಿ ನಮ್ಮ ತಂಗಿ ಇದ್ದಿದ್ದರೆ ಎಂದು ಯೋಚಿಸಿದರೆ ತೀರ್ಪು ತಪ್ಪೆನಿಸುವುದಿಲ್ಲ. ಆದರೆ ಅಪಾಯದಲ್ಲಿರುವ ಒಬ್ಬಳಿಗೆ ತಿಳಿಸುವುದು ಬೇರೆ, ಊರಿಗೆಲ್ಲ ತಿಳಿಯುವುದು ಬೇರೆ. ಯಾರು, ಯಾರಿಗೆ, ಹೇಗೆ ಹೇಳಬೇಕು ಎಂಬುದನ್ನು ಆ ತೀರ್ಪು ಬಿಡಿಸಿ ಹೇಳಲಿಲ್ಲ.

ಅದನ್ನು ಹೇಳಿದ್ದು 2017ರಲ್ಲಿ ಸಂಸತ್ತು ಅಂಗೀಕರಿಸಿ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ. ಶುಶ್ರೂಷೆ ಕಲಿಯುವವರು ಇದರ 9ನೆಯ ಕಲಮನ್ನು ಒಮ್ಮೆ ಓದಲೇಬೇಕು. ಸಂಗಾತಿಗೆ ವಿಷಯ ತಿಳಿಸುವ ಅಧಿಕಾರ ವೈದ್ಯರಿಗೆ ಅಥವಾ ಆಪ್ತಸಮಾಲೋಚಕರಿಗೆ ಮಾತ್ರ ಇದೆ, ದಾದಿಗೆ ಇಲ್ಲ. ಅವರೂ ಮೊದಲು ರೋಗಿಯೇ ಹೇಳುವಂತೆ ಮನವೊಲಿಸಬೇಕು. ಅವನು ಹೇಳುವುದಿಲ್ಲವೆಂದು ಖಚಿತವಾಗಿ, ಸಂಗಾತಿಗೆ ಸೋಂಕು ತಗಲುವ ಗಣನೀಯ ಅಪಾಯವಿದ್ದರೆ, ತಾವು ಹೇಳಲಿರುವುದನ್ನು ಅವನಿಗೆ ತಿಳಿಸಿ ಆಮೇಲೆ ಹೇಳಬೇಕು.

ಹಾಗಾದರೆ ಹಾಸಿಗೆಯ ಪಕ್ಕದಲ್ಲಿ ರಾತ್ರಿಯಿಡೀ ಇರುವ, ರೋಗಿ ಮನಸ್ಸು ಬಿಚ್ಚಿ ಮಾತಾಡುವ ದಾದಿ ಸುಮ್ಮನಿರಬೇಕೇ? ಹಾಗೇನಿಲ್ಲ. ಚಿಕಿತ್ಸೆಗೆ ಅಗತ್ಯವಿದ್ದಾಗ, ಅದೇ ರೋಗಿಯನ್ನು ನೋಡಿಕೊಳ್ಳುವ ಸಿಬ್ಬಂದಿಗೆ ವಿಷಯ ತಿಳಿಸಲು ಕಾಯ್ದೆ ಅವಕಾಶ ಕೊಟ್ಟಿದೆ. ಆತಂಕವಿದ್ದರೆ ಆಕೆ ಅದನ್ನು ಒಯ್ಯಬೇಕಾದದ್ದು ಚಿಕಿತ್ಸೆ ಮಾಡುವ ವೈದ್ಯರ ಬಳಿಗೆ. ಹೊರಗಿನ ಬೆಂಚಿನಲ್ಲಿ ಕುಳಿತ ಬಂಧುಗಳ ಬಳಿಗಲ್ಲ.

ಇನ್ನೊಂದು ಮಾತನ್ನೂ ಆ ಕಲಮು ಸೇರಿಸಿದೆ. ರೋಗಿ ಹೆಂಗಸಾಗಿದ್ದು, ವಿಷಯ ತಿಳಿದರೆ ಗಂಡ ಹೊಡೆಯಬಹುದು, ಮನೆಯಿಂದ ಹೊರಹಾಕಬಹುದು ಎಂಬ ಸಕಾರಣ ಭಯವಿದ್ದರೆ, ವೈದ್ಯರೂ ಅವನಿಗೆ ಹೇಳುವಂತಿಲ್ಲ. ಅಂಥ ಭಯ ಇದೆಯೋ ಇಲ್ಲವೋ ಎಂಬುದು ಹೆಚ್ಚಾಗಿ ಮೊದಲು ಗೊತ್ತಾಗುವುದು ವಾರ್ಡಿನ ದಾದಿಗೇ.